ಕನ್ನಡಕದ ಮೇಲಿನ ಉಸಿರು

ನದಿಯ ದಂಡೆಯ ಮೇಲೆ ಒಂದು ಆಶ್ರಮವಿತ್ತು.

ಹಾಗೆಂದರೆ ಅಲ್ಲಿದ್ದವರೇ ನಗುತ್ತಿದ್ದರು. ಗೇಟಿನ ಬೋರ್ಡಿನಲ್ಲಿ ‘ರೇಡಿಯೋ ದೂರದರ್ಶಕ ಕೇಂದ್ರ’ ಎಂದಿತ್ತು. ಆದರೆ ಊರು ಅಷ್ಟು ದೂರ, ಒಳಗೆ ಮೊಬೈಲು ಹಚ್ಚುವಂತಿಲ್ಲ, ಟಿವಿ ಇಲ್ಲ, ಇದ್ದವರೆಲ್ಲ ಹೊತ್ತು ಮೂಡಿದರೆ ಆಕಾಶಕ್ಕೆ ಕಿವಿಗೊಟ್ಟು ಕೂತುಬಿಡುತ್ತಾರೆ ಎಂದ ಮೇಲೆ ಬೋರ್ಡಿನ ಮಾತು ಯಾಕೆ ಕೇಳಬೇಕು?

ಎರೆ ಹೊಲಗಳ ನಡುವೆ ದೊಡ್ಡ ದೊಡ್ಡ ಡಿಶ್‌ಗಳು ನಿಂತಿದ್ದವು. ಕೆಲವು ಒಂದಕ್ಕೊಂದು ಹತ್ತಿರ, ಕೆಲವು ಹರದಾರಿ ದೂರ. ಎಲ್ಲವೂ ಒಂದೇ ಕಡೆಗೆ ಮುಖ ತಿರುಗಿಸಿದರೆ, ಎಲ್ಲ ಸೇರಿ ಒಂದೇ ಕಣ್ಣು.

ಅಲ್ಲಿಯ ಹಿರಿಯ ವಿಜ್ಞಾನಿ ಗೋದಾವರಿ ಅಕ್ಕೋರು. ಆ ಸೀಮೆಯಲ್ಲಿ ಕನ್ನಡ ಶಾಲೆಯ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಇವರು ದೇಶ ವಿದೇಶ ತಿರುಗಿ ಬಂದವರು, ಆದರೂ ‘ಮೇಡಂ’ ಎಂದರೆ ಓಗೊಡುತ್ತಿರಲಿಲ್ಲ. ‘ಗುರುಗಳೇ’ ಎಂದರೆ ಸಿಟ್ಟಾಗುತ್ತಿದ್ದರು.

ಅವರ ಕೊನೆಯ ಶಿಷ್ಯ ಯಮನೂರ.

ಯಮನೂರ ಬಂದ ಮೊದಲ ವರ್ಷ ಪರೀಕ್ಷೆಯಲ್ಲಿ ನಪಾಸಾಗಿ ಬ್ಯಾಗು ಕಟ್ಟಿದ್ದ. ಹೋಗುತ್ತೇನೆಂದು ಹೇಳಲು ಅಕ್ಕೋರ ಬಾಗಿಲಿಗೆ ಬಂದಾಗ ಅವರು ಬೇಡ ಎನ್ನಲಿಲ್ಲ, ಸಮಾಧಾನದ ಒಂದು ಮಾತೂ ಆಡಲಿಲ್ಲ. ಕೈಗೆ ಬೋಲ್ಟು ತಿರುಗಿಸುವ ಒಂದು ಪಾನಾ ಕೊಟ್ಟರು.

“ಹೋಗೂದಾದ್ರ ಹೋಗಪಾ. ಆ ಕಡೀ ಡಿಶ್‌ದು ಒಂದು ಬೋಲ್ಟ್ ಸಡ್ಲ ಆಗ್ಯದ. ಬಿಗಿ ಮಾಡಿ ಹೋಗು.”

ಅವನು ಬಿಗಿ ಮಾಡಿದ. ಅದರ ಪಕ್ಕದ್ದೂ ಸಡಿಲವಿತ್ತು. ಅದನ್ನೂ ಮಾಡಿದ. ಸಂಜೆಯ ಹೊತ್ತಿಗೆ ಮೈಕೈ ಗ್ರೀಸಾಗಿ, ಹಸಿವಾಗಿ, ಬ್ಯಾಗಿನ ವಿಷಯ ಮರೆತೇಹೋಗಿತ್ತು. ಅದಾಗಿ ಎಷ್ಟೋ ವರ್ಷವಾಯಿತು. ಅಂದಿನಿಂದ ಒಂದು ಮಾತು ಅವನ ಗಂಟಲಲ್ಲೇ ಉಳಿದಿತ್ತು. ಅಕ್ಕೋರ ಮುಂದೆ ನಿಂತರೆ ಅದು ಹೊರಗೆ ಬರುತ್ತಿರಲಿಲ್ಲ.

ಈಗ ಅಕ್ಕೋರು ನಿವೃತ್ತರಾಗುವವರಿದ್ದರು. ತಿಂಗಳ ಕೊನೆಗೆ ಜೀಪು ಬಂದು ಕರೆದೊಯ್ಯುತ್ತದೆ. ಅಷ್ಟರೊಳಗೆ ಯಮನೂರ ಅವರಿಗೊಂದು ಕಾಣಿಕೆ ಕೊಡಬೇಕೆಂದಿದ್ದ. ಬೆಳ್ಳಿಯ ತಟ್ಟೆ, ಶಾಲು ಕೊಡುವವರು ಬೇರೆ ಇದ್ದರು. ಅವನಿಗೆ ಕೊಡಬೇಕಾಗಿದ್ದದ್ದು ಒಂದು ಬೆಳಕು.

ಆ ಬೆಳಕಿನ ಕತೆ ಇಷ್ಟೇ. ಗೆಲಾಕ್ಸಿಗಳು ಗುಂಪು ಗುಂಪಾಗಿ ಇರುತ್ತವೆ. ಎಲ್ಲೋ ಬಹಳ ದೂರದಲ್ಲಿ ಅಂಥ ಎರಡು ಗುಂಪುಗಳು ಒಂದರೊಳಗೊಂದು ನುಗ್ಗಿ ಬೆರೆಯುತ್ತಿದ್ದವು. ಹಾಗೆ ಬೆರೆಯುವಾಗ ನಡುವಿನ ಜಾಗದಲ್ಲಿ ತೆಳ್ಳಗೆ, ಅಗಲಕ್ಕೆ ಒಂದು ರೇಡಿಯೋ ಬೆಳಕು ಹರಡಿಕೊಂಡಿರಬೇಕು. ಅಕ್ಕೋರು ವಯಸ್ಸಿನಲ್ಲಿದ್ದಾಗ ಅದೇ ಎರಡು ಗುಂಪುಗಳನ್ನು ನೋಡಿ, ಏನೂ ಕಾಣದೆ ಬಿಟ್ಟಿದ್ದರು. ಆಗ ಇದ್ದ ಡಿಶ್‌ಗಳೇ ಕಡಿಮೆ.

ಅದನ್ನು ಕಂಡುಹಿಡಿದರೆ ಅದರ ಚಿತ್ರ ಮೆಸ್ಸಿನ ಗೋಡೆಗೆ ಏರುತ್ತದೆ. ಅಲ್ಲಿಯದು ಹಳೆಯ ಪದ್ಧತಿ. ಯಾರೇ ಹೊಸದನ್ನು ಕಂಡರೂ ಮೊದಲ ಚಿತ್ರವನ್ನು ಊಟದ ಹಾಲಿನ ಗೋಡೆಗೆ ಅಂಟಿಸಬೇಕು, ಕೆಳಗೆ ‘ಇವರಿಂದ ಕಂಡಿತು’ ಎಂದು ಒಂದು ಹೆಸರು ಬರೆಯಬೇಕು. ಕಂಡವರ ಹೆಸರಲ್ಲ, ಕಾಣಿಸಿದವರ ಹೆಸರು.

ಗೋಡೆಯ ತುಂಬ ಚಿತ್ರಗಳಿದ್ದವು. ಡಿಶ್ಶಿನ ಮೋಟರು ಸರಿ ಮಾಡಿದವರ ಹೆಸರಿತ್ತು. ಲೆಕ್ಕ ಹೇಳಿಕೊಟ್ಟವರ ಹೆಸರಿತ್ತು. ಹಾವು ಕಚ್ಚಿದವನನ್ನು ಟ್ರ್ಯಾಕ್ಟರಿನಲ್ಲಿ ಆಸ್ಪತ್ರೆಗೆ ಒಯ್ದವನ ಹೆಸರೂ ಇತ್ತು.

ಗೋದಾವರಿ ಅಕ್ಕೋರ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಅಲ್ಲಿ ಅಂಟಿಸಿದವರಲ್ಲಿ ಮುಕ್ಕಾಲು ಪಾಲು ಅವರ ಶಿಷ್ಯರೇ. ಎಂಥ ಕೃತಘ್ನರು ಎಂದು ಯಮನೂರನಿಗೆ ಊಟ ಇಳಿಯುತ್ತಿರಲಿಲ್ಲ. ತಟ್ಟೆ ಎತ್ತಿಕೊಂಡು ಕೋಣೆಗೆ ಹೋಗಿ ಒಬ್ಬನೇ ಉಣ್ಣುತ್ತಿದ್ದ.

ತಾನಾದರೂ ಬರೆಯಬೇಕು ಎಂದು ಅವನು ಹಟ ಹಿಡಿದಿದ್ದ.

ಆದರೆ ಬರೆಯಲು ಚಿತ್ರ ಬೇಕಲ್ಲ.

ಒಂದು ಸಂಜೆ ಅವನು ಅಕ್ಕೋರನ್ನು ಕಂಪ್ಯೂಟರಿನ ಮುಂದೆ ಕೂರಿಸಿದ.

ಚಿತ್ರ ನಿಜಕ್ಕೂ ಚೆಂದವಿತ್ತು. ಕಪ್ಪು ಆಕಾಶ, ಅದರಲ್ಲಿ ಸೂಜಿಮೊನೆಯಂಥ ಚುಕ್ಕಿಗಳು, ಒಂದೊಂದೂ ಒಂದು ಗೆಲಾಕ್ಸಿ. ಯಮನೂರನ ಚಿತ್ರಗಳ ಶುಭ್ರತೆಗೆ ಹೊರಗಿನ ಸಭೆಗಳಲ್ಲೂ ಹೆಸರಿತ್ತು. ಅದರ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು.

“ಭಾಳ ಛಂದ ಅದ,” ಎಂದರು ಅಕ್ಕೋರು. “ಒಂದ ಕಸ ಇಲ್ಲ.”

“ಇಲ್ರಿ.”

“ನಡುವ?”

“ನಡುವ ಏನೂ ಇಲ್ರೀ ಅಕ್ಕೋರ. ಹೆಂಗ ನೋಡಿದ್ರೂ ಬರೇ ಕತ್ತಲ.” ಅವನ ದನಿ ಕುಗ್ಗಿತು. “ಇನ್ನ ಒಂದ ಸಲ ಡಿಶ್ ನಮಗ ಸಿಗತಾವ್ರಿ. ಆಮ್ಯಾಲೆ ಬ್ಯಾರೇದವರಿಗೆ. ಅಲ್ಲಿ ಏನೂ ಇಲ್ಲ ಅಂತ ಬರದಬಿಡ್ಲೇನ್ರಿ?”

ಅಕ್ಕೋರು ಎದ್ದರು.

“ಬಾ, ಹೊಳೀತನಕ ಹೋಗಿ ಬರೋಣು.”

ಹೊಳೆಯ ದಂಡೆಯಲ್ಲಿ ಆಗಷ್ಟೇ ಕತ್ತಲು ಕವಿಯುತ್ತಿತ್ತು.

“ಆಚಿ ದಂಡಿ ಮ್ಯಾಲೆ ಏನೇನ ಕಾಣಸ್ತದ ಹೇಳು.”

ಯಮನೂರ ಕಣ್ಣು ಕಿರಿದು ಮಾಡಿ ನೋಡಿದ. ಅವನ ಕನ್ನಡಕ ಹೊಸದು, ನಂಬರು ಸರಿಯಾಗಿ ಕೂತಿತ್ತು.

“ಜಾಲಿ ಗಿಡ ಅದಾವ್ರಿ. ಒಂದ ದೋಣಿ ಐತಿ. ಪಂಪಿನ ಮನಿ, ಅದರ ಮುಂದ ಒಂದ ದೀಪ. ಅಲ್ಲಿ ದೂರ ಇನ್ನೊಂದ ದೀಪ.”

“ಮತ್ತ?”

“ಮತ್ತೇನಿಲ್ರಿ.”

ಅಕ್ಕೋರು ಕೈ ಚಾಚಿ ಅವನ ಮೂಗಿನ ಮೇಲಿಂದ ಕನ್ನಡಕ ತೆಗೆದರು. ಎರಡೂ ಗಾಜಿಗೆ ಹಾ ಎಂದು ಉಸಿರು ಊದಿದರು. ಮತ್ತೆ ಅವನಿಗೇ ಹಾಕಿದರು.

“ಒರಸಬ್ಯಾಡ.”

ಜಾಲಿ ಗಿಡ ಹೋಯಿತು. ದೋಣಿ ಹೋಯಿತು. ದೀಪಗಳು ಕರಗಿ ಅಗಲವಾದವು. ಅವುಗಳ ಹಿಂದೆ, ದಿಬ್ಬದ ಆಚೆ, ಆಕಾಶದ ಅಂಚಿನುದ್ದಕ್ಕೂ ಮಾಸಲು ಹಳದಿಯ ಒಂದು ಬೆಳಕು ಹಾಸಿಕೊಂಡಿತ್ತು. ಇಷ್ಟು ವರ್ಷ ಇದೇ ದಂಡೆಗೆ ಬಂದು ಕೂತಿದ್ದ, ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ.

“ಆ ಕಡೆ ಊರೈತೇನ್ರಿ?”

“ಮೊದಲಿಂದನೂ ಅದ.”

ಅಷ್ಟು ಹೇಳಿ ಅಕ್ಕೋರು ಸೀರೆಯ ನಿರಿಗೆ ಎತ್ತಿಕೊಂಡು ಹಿಂದಕ್ಕೆ ನಡೆದರು.

ಯಮನೂರ ದಡ್ಡನಲ್ಲ. ಚೂಪಾಗಿ ನೋಡಿದರೆ ಚುಕ್ಕಿ ಸಿಗುತ್ತದೆ, ಮಬ್ಬಾಗಿ ನೋಡಿದರೆ ಹರಡಿದ್ದು ಸಿಗುತ್ತದೆ ಎಂಬುದು ಅವನಿಗೆ ಹೊಳೆಯಿತು. ಮರುದಿನ ತನ್ನ ಚೆಂದದ ಚಿತ್ರವನ್ನು ಬೇಕೆಂದೇ ಮಬ್ಬು ಮಾಡಿದ. ಹೊಟ್ಟೆ ಉರಿಯಿತು, ಆದರೂ ಮಾಡಿದ.

ಚುಕ್ಕಿಗಳು ಹರಡಿಕೊಂಡವು. ನಡುವೆ ಮಾತ್ರ ಅದೇ ಕತ್ತಲು.

ಇನ್ನೂ ಮಬ್ಬು ಮಾಡಿದ. ಆಗಲೂ ಅಷ್ಟೇ. ದಿನಗಳು ಕೈಜಾರುತ್ತಿದ್ದವು. ಅಕ್ಕೋರ ವರಾಂಡದಲ್ಲಿ ಪುಸ್ತಕದ ಪೆಟ್ಟಿಗೆಗಳು ಒಂದೊಂದಾಗಿ ಏರುತ್ತಿದ್ದವು.

ಅವನು ಹೋಗಿ ಆ ಪೆಟ್ಟಿಗೆಗಳ ಮುಂದೆ ನಿಂತ.

“ಅಕ್ಕೋರ, ಉಸರು ಊದಿ ನೋಡಿದ್ನಿರಿ. ಏನೂ ಬರಲಿಲ್ಲ.”

“ಕನ್ನಡಕಕ್ಕ ಉಸರು ಊದಬಹುದಪಾ. ಕಣ್ಣ ಕಿತ್ತ ಇಟ್ಟಿದ್ರ ಏನ ಮಾಡ್ಲಿಕ್ಕಾಗ್ತದ?” ಅಕ್ಕೋರು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತ ಕೇಳಿದರು. “ಯಾರನ್ನ ಹೊರಗ ಹಾಕೀ?”

ಯಮನೂರ ತಲೆ ತಗ್ಗಿಸಿದ. ಅವನಿಗೆ ಗೊತ್ತಿತ್ತು.

ದೂರ ದೂರ ನಿಂತ ಡಿಶ್‌ಗಳ ಜೋಡಿಗೆ ಸಣ್ಣದು, ಚೂಪಾದದ್ದು ಕಾಣುತ್ತದೆ. ಆಕಾಶದಲ್ಲಿ ಅಗಲಕ್ಕೆ ಹರಡಿಕೊಂಡದ್ದು ಹತ್ತಿರ ಹತ್ತಿರ ನಿಂತ ಜೋಡಿಗೆ ಮಾತ್ರ ಕಾಣುತ್ತದೆ. ಇದನ್ನು ಅವನು ಓದಿದ್ದ, ಪರೀಕ್ಷೆಯಲ್ಲಿ ಬರೆದೂ ಇದ್ದ. ಆದರೆ ಹತ್ತಿರದ ಜೋಡಿಗಳಿಗೆ ಆಕಾಶದ ಜೊತೆಗೆ ನೆಲದ ಸದ್ದೂ ಕೇಳಿಸುತ್ತದೆ. ಕರೆಂಟಿನ ತಂತಿ, ಮೋಟರು, ಹಾಳುಮೂಳು ಎಲ್ಲ ಅವುಗಳ ಕಿವಿಗೆ ಬೀಳುತ್ತವೆ. ಅವನ್ನು ಸೇರಿಸಿಕೊಂಡರೆ ಚಿತ್ರದ ತುಂಬ ಗೀರು ಬೀಳುತ್ತಿತ್ತು. ಹೀಗಾಗಿ ಯಮನೂರ ಮೊದಲಿಂದಲೂ ಅವನ್ನು ತೆಗೆದೆಸೆಯುತ್ತಿದ್ದ. ಅವನ ಹೆಸರುವಾಸಿ ಶುಭ್ರತೆಯ ಗುಟ್ಟು ಅದೇ.

“ಹತ್ತರದ ಜೋಡಿಗೋಳನ್ರಿ,” ಎಂದ.

“ಯಾಕ?”

“ಭಾಳ ಗದ್ದಲ ಮಾಡ್ತಾವ್ರಿ.”

“ಹತ್ತರದವರು ಗದ್ದಲ ಮಾಡದ ಮತ್ಯಾರ ಮಾಡಬೇಕು?”

ಅಕ್ಕೋರು ಒಳಗೆ ಹೋಗಿ ಮೊಳೆಗೆ ತೂಗುಹಾಕಿದ್ದ ಕೈ ಆಂಟೆನಾ ತಂದರು. ಅದನ್ನು ಎಲ್ಲಿ ಕರೆಂಟಿನ ಸದ್ದು ಹೆಚ್ಚಿದೆಯೋ ಅಲ್ಲಿಗೆ ತಿರುಗಿಸಿದರೆ ಗರ್ ಎನ್ನುತ್ತದೆ.

“ಗದ್ದಲ ಮಾಡವರ ಮನೀಗೆ ಹೋಗಿ ಬಾ,” ಎಂದರು. “ಜಗಳಕ್ಕ ಹೋಗಬ್ಯಾಡ. ಕುಶಲ ಕೇಳಿ ಬಾ.”

ಯಮನೂರ ಆಂಟೆನಾ ಹೆಗಲಿಗಿಟ್ಟು ಹೊರಟ. ನಾಯಿ ಹಿಡಿಯಲು ಹೊರಟವನ ಹಾಗೆ ಕಾಣುತ್ತಿದ್ದ ಎಂದು ಆಮೇಲೆ ಎಲ್ಲರೂ ನಕ್ಕರು.

ಮೊದಲು ಅದು ಗರ್ ಎಂದದ್ದು ಮೆಸ್ಸಿನ ಅಡುಗೆಮನೆಯ ಮುಂದೆ. ಒಳಗೆ ದ್ಯಾಮವ್ವ ಮಿಕ್ಸಿಯಲ್ಲಿ ಶೇಂಗಾ ಚಟ್ನಿ ತಿರುವುತ್ತಿದ್ದಳು. ಕೇಂದ್ರ ಶುರುವಾದಾಗಿನಿಂದ ಅಲ್ಲಿ ಒಲೆ ಹಚ್ಚಿದವಳು ಅವಳೇ.

“ದ್ಯಾಮವ್ವ, ನಿನ್ನ ಮಿಕ್ಸಿ ನನ್ನ ಡಿಶ್ಶಿಗೆ ಕೇಳಸಾಕತ್ತೈತಿ.”

“ಹೌದಾ? ನನ್ನ ಚಟ್ನಿ ಬ್ಯಾಡಂತ ತಾಟ ತಗೊಂಡು ಓಡಿ ಹೋಗಾಂವಗ ಮಿಕ್ಸಿ ಹೆಂಗ ಕೇಳಿಸ್ತೋ?”

ಅಕ್ಕೋರು ಕುಶಲ ಕೇಳಿ ಬಾ ಎಂದದ್ದು ನೆನಪಾಗಿ, ಕೇಳಿದ.

“ಆರಾಮದೀ ಏನ ದ್ಯಾಮವ್ವ?”

ದ್ಯಾಮವ್ವ ಮಿಕ್ಸಿ ಬಂದ್ ಮಾಡಿ ಅವನನ್ನೇ ನೋಡಿದಳು. ಇಷ್ಟು ವರ್ಷದಲ್ಲಿ ಅವನು ಹಾಗೆ ಕೇಳಿದ್ದೇ ಮೊದಲು.

“ಮೊಣಕಾಲ ನೋವ ಐತಿ ಯಪ್ಪಾ. ಉಳದದ್ದು ಬರೋಬ್ಬರಿ,” ಎಂದಳು. “ನಿನ್ನ ಕೆಲಸ ಇದ್ದಾಗ ಹೇಳು, ಮಿಕ್ಸಿ ಹಚ್ಚೂದಿಲ್ಲ. ಮುಂಚೇನ ತಿರುವಿ ಇಡ್ತೀನಿ. ಆದ್ರ ಊಟ ಮಾತ್ರ ಇಲ್ಲೇ ಕುಂತು ಮಾಡ್ಬೇಕು.”

ಅವನು ಒಪ್ಪಿದ. ಅಲ್ಲೇ ಕೂತು ಉಂಡ. ಚಟ್ನಿ ಬಹಳ ಚೆನ್ನಾಗಿತ್ತು.

ಉಣ್ಣುತ್ತ ಅವನ ಕಣ್ಣು ಗೋಡೆಯ ಮೇಲೆ ಹೋಯಿತು.

“ದ್ಯಾಮವ್ವ, ಇಷ್ಟ ಮಂದಿ ಇಷ್ಟ ಹೆಸರ ಬರದಾರ. ಅಕ್ಕೋರದು ಒಬ್ಬರಿಗೂ ನೆನಪ ಆಗ್ಲಿಲ್ಲೇನು?”

“ನೆನಪ ಆಗಲಾರದ ಏನು? ಎಲ್ಲಾರೂ ಅವರ ಹೆಸರ ಬರಿಯಾಕನ ಬಂದವರು. ಅಕ್ಕೋರು ಬಿಡಂಗಿಲ್ಲ. ಇದು ನನ್ನ ಕೈಯಾಗ ಆಗಿದ್ದಲ್ಲ, ಆ ಮೋಟರ ರಿಪೇರಿ ಮಾಡಿದವಂದು ಬರಿ, ಲೆಕ್ಕ ಹೇಳಿದವಂದು ಬರಿ ಅಂತ ಹೇಳಿ ಕಳಸ್ತಾರ.”

ಯಮನೂರನ ಕೈಯಲ್ಲಿದ್ದ ರೊಟ್ಟಿಯ ತುತ್ತು ಅಲ್ಲೇ ನಿಂತಿತು. ಇಷ್ಟು ದಿನ ಯಾರಿಗೆಲ್ಲ ಮನಸ್ಸಿನಲ್ಲಿ ಬೈದಿದ್ದನೋ ಅವರೆಲ್ಲರ ಕ್ಷಮೆ ಕೇಳಬೇಕು ಅನಿಸಿತು. ಯಾರೂ ಹತ್ತಿರ ಇರಲಿಲ್ಲ.

ಊಟವಾದ ಮೇಲೆ ಮತ್ತೆ ಆಂಟೆನಾ ಹಿಡಿದ. ಹೊಲದ ಪಂಪಿನವರ ಕುಶಲ ಕೇಳಿದ, ಅವರು ತಂತಿಯ ಜೋಡಣೆ ಸರಿ ಮಾಡಿಸಿಕೊಳ್ಳುತ್ತೇವೆಂದರು. ಅಷ್ಟಾದರೂ ಗದ್ದಲದ ದೊಡ್ಡ ಪಾಲು ಬೇರೆಲ್ಲಿಂದಲೋ ಬರುತ್ತಿತ್ತು. ಡಿಶ್‌ಗಳು ಒತ್ತೊತ್ತಾಗಿ ನಿಂತ ಜಾಗಕ್ಕೆ ಸಮೀಪವಾಗಿ ಒಂದು ಸಾಲು ಕೋಣೆಗಳಿದ್ದವು. ಆಂಟೆನಾ ಆ ಕಡೆಗೆ ತಿರುಗಿದರೆ ಸಾಕು, ಚೀರುತ್ತಿತ್ತು.

ಒಂದೊಂದೇ ಬಾಗಿಲು ದಾಟಿದ. ಸದ್ದು ಏರುತ್ತ ಹೋಯಿತು. ಕೊನೆಯ ಬಾಗಿಲ ಮುಂದೆ ಆಂಟೆನಾ ಕಿವಿ ಕಿತ್ತುಹೋಗುವಂತೆ ಕಿರುಚಿತು.

ಅದು ಅವನದೇ ಕೋಣೆ.

ಒಳಗೆ ಮೇಜಿನ ಮೇಲೆ ಸಂತೆಯಲ್ಲಿ ಅಗ್ಗಕ್ಕೆ ಕೊಂಡ ಒಂದು ಚಾರ್ಜಿಂಗ್ ದೀಪವಿತ್ತು. ಅಕ್ಕೋರ ಹತ್ತಿರ ಹೋಗುವ ಅವಸರದಲ್ಲಿ ಅವತ್ತು ಪ್ಲಗ್ಗು ತೆಗೆಯುವುದನ್ನು ಮರೆತಿದ್ದ. ಕೇಂದ್ರದೊಳಗೆ ಯಾವ ಕರೆಂಟಿನ ಸಾಮಾನು ತಂದರೂ ಪರೀಕ್ಷೆ ಮಾಡಿಸಬೇಕೆಂಬ ನಿಯಮವಿತ್ತು. ಇಷ್ಟು ಸಣ್ಣ ದೀಪ, ಏನು ಮಹಾ ಎಂದು ಅವನು ಮಾಡಿಸಿರಲಿಲ್ಲ. ಆ ದೀಪದ ಬೆಳಕಿನಲ್ಲೇ ಅವನು ಓದುತ್ತಿದ್ದ, ಬರೆಯುತ್ತಿದ್ದ, ಹತ್ತಿರದ ಜೋಡಿಗಳನ್ನು ಗದ್ದಲದವು ಎಂದು ಬೈದು ತೆಗೆದುಹಾಕುತ್ತಿದ್ದ.

ಅವನು ಅಕ್ಕೋರ ಹತ್ತಿರ ಹೋದಾಗ ಮುಖ ನೆಲ ನೋಡುತ್ತಿತ್ತು.

“ಸಿಕ್ಕತೇನು?”

“ಸಿಕ್ತ್ರಿ.”

“ಯಾರು?”

“ನಾನ ರೀ.”

ಅಕ್ಕೋರು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ನಗೆಯಲ್ಲಿ ಕುಟುಕು ಇರಲಿಲ್ಲ. ಹೀಗಾಗಿ ಸ್ವಲ್ಪ ಹೊತ್ತಾದ ಮೇಲೆ ಯಮನೂರನೂ ನಕ್ಕ.

“ಕೋಣಿ ಬಿಟ್ಟು ಹೊರಗ ಹೋಗುವಾಗ ಪ್ಲಗ್ ತಗೀತಿದ್ದೀ ಏನು?”

“ತಗೀತಿದ್ನಿರಿ. ಇವತ್ತಷ್ಟ ಮರತೆ.”

“ಹಂಗಾದ್ರ ಹಳೇ ರೆಕಾರ್ಡಿನ್ಯಾಗ ಹುಡುಕು. ನೀ ಕೋಣ್ಯಾಗ ಇಲ್ಲದ ಹೊತ್ತೆಲ್ಲಾ ಛಲೋ ಇರ್ತದ.”

ಅವನು ಹುಡುಕಿದ. ಮಾತು ನಿಜವಾಗಿತ್ತು. ಬೋಲ್ಟು ಬಿಗಿಯಲು ಹೋದ ಹೊತ್ತು, ಹೊಳೆಗೆ ಹೋದ ಹೊತ್ತು, ಜ್ವರ ಬಂದು ಊರಿನ ಡಾಕ್ಟರ ಹತ್ತಿರ ಮಲಗಿದ್ದ ಹೊತ್ತು, ಇವೆಲ್ಲ ತಿಳಿನೀರಿನ ಹಾಗೆ ಶುಭ್ರವಾಗಿದ್ದವು. ತಾನು ಕೂತು ಕಷ್ಟಪಟ್ಟ ಹೊತ್ತೆಲ್ಲ ಗೀರು. ಅವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಒಳ್ಳೆಯ ಹೊತ್ತು ಬಹಳ ಕಡಿಮೆ ಇತ್ತು. ಕೋಣೆ ಬಿಟ್ಟು ಅವನು ಹೋದದ್ದೇ ಅಷ್ಟು.

ಕೊನೆಯ ಸರದಿ ಬಂತು. ರೇಡಿಯೋ ಕಿವಿಗೆ ಹಗಲೂ ಒಂದೇ, ಇರುಳೂ ಒಂದೇ. ಬೆಳಗಿನಿಂದ ಸಂಜೆಯ ತನಕ ಡಿಶ್‌ಗಳು ಆ ದೂರದ ಗೆಲಾಕ್ಸಿ ಗುಂಪುಗಳ ಕಡೆಗೆ ಮುಖ ಮಾಡಿದವು. ದ್ಯಾಮವ್ವ ಚಟ್ನಿಯನ್ನು ಮುಂಚೆಯೇ ತಿರುವಿಟ್ಟಿದ್ದಳು. ಪಂಪುಗಳು ಸುಮ್ಮನಿದ್ದವು. ಯಮನೂರ ಚಾರ್ಜಿಂಗ್ ದೀಪವನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿ, ಮೆಸ್ಸಿನಲ್ಲಿ ಎಲ್ಲರ ಜೊತೆ ಕೂತಿದ್ದ. ಪಕ್ಕದಲ್ಲಿ ಕೂತವರ ಹೆಸರುಗಳು ಅವನಿಗೆ ಅವತ್ತು ಗೊತ್ತಾದವು.

ಲೆಕ್ಕಕ್ಕೆ ಕೂತ. ಈ ಸಲ ಹತ್ತಿರದ ಜೋಡಿಗಳನ್ನು ತೆಗೆಯಲಿಲ್ಲ. ಅವುಗಳ ಜೊತೆ ತಾಳ್ಮೆಯಿಂದ ಕೂತು, ಉಳಿದ ಚೂರುಪಾರು ಗದ್ದಲವನ್ನು ಮಾತ್ರ ಆರಿಸಿದ. ಚಿತ್ರ ಮಾಡಿ, ಉಸಿರು ಊದಿದ ಹಾಗೆ ಮಬ್ಬು ಮಾಡಿದ.

ನಡುವೆ ಬೆಳಕಿತ್ತು.

ತೆಳ್ಳಗೆ, ಅಗಲಕ್ಕೆ, ಎರಡು ಗುಂಪುಗಳ ನಡುವಿನ ಕತ್ತಲನ್ನು ತುಂಬಿಕೊಂಡು ಹಾಸಿಕೊಂಡಿತ್ತು. ಯಮನೂರನಿಗೆ ಕಣ್ಣು ತುಂಬಿ ಬಂತು. ಅವನು ಕನ್ನಡಕ ತೆಗೆದು ಒರೆಸಿಕೊಂಡ.

ಆದರೂ ಅವನು ಅಕ್ಕೋರನ್ನು ಕರೆಯಲಿಲ್ಲ. ಎರಡು ದಿನ ಆ ಕಡೆಗೇ ಸುಳಿಯಲಿಲ್ಲ. ಜೀಪು ಬರುವುದು ಹತ್ತಿರವಾದಾಗ ಅವರೇ ಬಂದರು, ಮಡಿಲಲ್ಲಿ ಹಸಿ ಶೇಂಗಾ ಕಟ್ಟಿಕೊಂಡು.

ಪರದೆಯನ್ನು ನೋಡಿದರು.

“ಚುಕ್ಕಿ ತಗದೀ ಏನು?”

“ಇನ್ನೂ ಇಲ್ರಿ.”

“ಯಾಕ?”

ಒಂದೊಂದು ಗೆಲಾಕ್ಸಿಗೂ ಅದರದೇ ಬೆಳಕಿರುತ್ತದೆ. ಮಬ್ಬಾಗಿ ನೋಡಿದಾಗ ಅಕ್ಕಪಕ್ಕದ ಚುಕ್ಕಿಗಳೇ ಕರಗಿ ಕೂಡಿಕೊಂಡು ನಡುವೆ ಹರಡಿದ ಬೆಳಕಿನಂತೆ ಮೋಸ ಮಾಡಬಹುದು. ದೂರ ನಿಂತ ಡಿಶ್ ಜೋಡಿಗಳಿಂದ ಒಂದೊಂದು ಚುಕ್ಕಿಯನ್ನೂ ಗುರುತಿಸಿ, ಅದರ ಪಾಲನ್ನು ಕಳೆಯಬೇಕು. ಆಮೇಲೂ ಉಳಿದರೆ ಮಾತ್ರ ಅದು ನಿಜ.

“ತಗದ್ರ ಇದೂ ಹೋದ್ರ?” ಎಂದ ಯಮನೂರ.

“ಚುಕ್ಕಿದಾಗಿದ್ರ ಚುಕ್ಕಿ ಸಂಗ್ತೀನ ಹೋಗ್ತದ. ಹೋಗ್ಲಿ.”

ಅವನ ಗಂಟಲಲ್ಲಿ ವರ್ಷಗಳಿಂದ ಸಿಕ್ಕಿಕೊಂಡಿದ್ದು ಆಗ ಹೊರಗೆ ಬಂತು.

“ಅಕ್ಕೋರ, ಆವತ್ತ ನೀವು ಆ ಬೋಲ್ಟ್ ಬಿಗಿ ಮಾಡಂತ ಕಳಸಲಿಲ್ಲಂದ್ರ ನಾ ಇಲ್ಲಿ ಇರತಿದ್ದಿಲ್ಲ. ಅದಕ್ಕ ಏನಾರ ಕೊಡಬೇಕಂತ ಇದ್ದೆ. ನೀವು ಹೋಗೂದ್ರಾಗ ಇದನ್ನ ಕೊಡಬೇಕಂತ.”

ಅಕ್ಕೋರು ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

“ಅನುಮಾನ ಇದ್ದದ್ದನ್ನ ಕೊಡ್ತೀ ಏನು ನನಗ?”

ಯಮನೂರ ಕೀಬೋರ್ಡಿನ ಮೇಲೆ ಕೈ ಇಟ್ಟ.

ಒಂದೊಂದೇ ಚುಕ್ಕಿಯನ್ನು ತೆಗೆಯುತ್ತ ಹೋದ. ಅಕ್ಕೋರು ಪಕ್ಕದಲ್ಲಿ ಶೇಂಗಾ ಸುಲಿಯುತ್ತ, ಅರ್ಧ ತಾವು ತಿನ್ನುತ್ತ, ಅರ್ಧ ಅವನ ಕಡೆಗೆ ಸರಿಸುತ್ತ ಕೂತರು. ಒಂದು ಚುಕ್ಕಿ ಹೋದಾಗಲೆಲ್ಲ ನಡುವಿನ ಬೆಳಕು ಒಂದಿಷ್ಟು ಕುಗ್ಗುತ್ತಿತ್ತು, ಯಮನೂರನ ಮುಖವೂ ಕುಗ್ಗುತ್ತಿತ್ತು. ಅತಿ ಪ್ರಕಾಶದ ಒಂದು ಗೆಲಾಕ್ಸಿಯ ಹತ್ತಿರ ಬಂದಾಗ ಅವನ ಬೆರಳು ನಿಂತಿತು.

“ತಗಿ,” ಎಂದರು ಅಕ್ಕೋರು.

ತೆಗೆದ.

ಕೊನೆಗೆ ತೆಗೆಯಲು ಯಾವ ಚುಕ್ಕಿಯೂ ಇರಲಿಲ್ಲ. ಪರದೆಯ ಮೇಲೆ ಬೆಳಕಿತ್ತು. ಮೊದಲಿಗಿಂತ ಚಿಕ್ಕದು, ಮೊದಲಿಗಿಂತ ತೆಳು. ಎರಡು ಗುಂಪುಗಳು ಯಾವ ಕಡೆಯಿಂದ ಯಾವ ಕಡೆಗೆ ನುಗ್ಗಿದ್ದವೋ ಅದೇ ದಿಕ್ಕಿಗೆ ತುಸು ಉದ್ದಕ್ಕೆ ಎಳೆದುಕೊಂಡಿತ್ತು. ಹೇಗೆ ಇರಬೇಕೋ ಹಾಗೆಯೇ ಇತ್ತು.

ಅಕ್ಕೋರ ಕೈಯಲ್ಲಿ ಸುಲಿಯದ ಶೇಂಗಾ ಹಾಗೇ ಉಳಿದಿತ್ತು.

“ಇದನ್ನ ನೋಡ್ಬೇಕಂತ ಭಾಳ ವರ್ಷದಿಂದ ಇತ್ತಪಾ,” ಎಂದರು. “ನಮ್ಮ ಸರ್ ಹೇಳ್ತಿದ್ರು, ಅಲ್ಲಿ ಅದ, ನಿಮಗ ಕಾಣಸ್ತದ ಅಂತ. ಅವರಿಗೂ ಕಾಣಸಲಿಲ್ಲ, ನನಗೂ ಕಾಣಸಲಿಲ್ಲ. ನೀ ತೋರಿಸಿದಿ. ಪುಣ್ಯಾತ್ಮ.”

ಯಮನೂರ ತನ್ನ ಪಾಲಿಗೆ ಬಂದಿದ್ದ ಶೇಂಗಾ ಬಾಯಿಗೆ ಹಾಕಿಕೊಂಡ.

ಮರುದಿನ ಬೆಳಿಗ್ಗೆ ಜೀಪು ಬಂತು. ಪೆಟ್ಟಿಗೆಗಳು ಏರಿದವು. ದ್ಯಾಮವ್ವ ದಾರಿಗೆಂದು ರೊಟ್ಟಿ ಚಟ್ನಿ ಕಟ್ಟಿಕೊಟ್ಟು, ಸೆರಗು ಬಾಯಿಗಿಟ್ಟುಕೊಂಡು ನಿಂತಳು.

ಯಮನೂರ ಊಟದ ಹಾಲಿನಲ್ಲಿ ಚಿತ್ರ ಅಂಟಿಸಿದ್ದ. ಕೆಳಗೆ ‘ಇವರಿಂದ ಕಂಡಿತು’ ಎಂದು ಬರೆದಿದ್ದ. ಮುಂದಿನ ಹೆಸರಿಗೆ ಪೆನ್ನು ಊರಿದ್ದ.

“ಏನ ಬರೀಲಿಕತ್ತೀ?”

ಅಕ್ಕೋರು ಬಾಗಿಲಲ್ಲಿ ನಿಂತಿದ್ದರು.

“ನಿಮ್ಮ ಹೆಸರ್ರಿ. ಈ ಸಲ ನಾ ನಿಮ್ಮ ಮಾತ ಕೇಳಂಗಿಲ್ಲ.”

“ಕೇಳಬ್ಯಾಡ. ಒಂದ ಹೇಳು. ಈ ಬೆಳಕು ಯಾವ ಗೆಲಾಕ್ಸಿದು?”

“ಯಾವುದರದೂ ಅಲ್ರಿ.”

“ಮತ್ತ ಎಲ್ಲಿಂದ ಬಂತು?”

“ಎಂದೋ ಹಿಂದ, ಯಾವ್ಯಾವೋ ಗೆಲಾಕ್ಸಿ ಹೊರಗ ಚೆಲ್ಲಿದ ಕಣ ಅವು. ಭಾಳ ಹಳೇವ್ರಿ. ದಣದು ಕತ್ತಲಾಗಿ ನಡುವ ಬಿದ್ದಿದ್ದವು. ಚೆಲ್ಲಿದ ಗೆಲಾಕ್ಸಿ ಎಷ್ಟೋ ಈಗ ಸುಮ್ಮನಾಗ್ಯಾವ. ಎರಡೂ ಗುಂಪು ಕೂಡೂವಾಗ ಆ ಅಲಗಾಟಕ್ಕ ಮತ್ತ ಎದ್ದಾವ್ರಿ.”

“ಚೆಲ್ಲಿದವರ ಹೆಸರು?”

“ಗೊತ್ತಾಗೂದಿಲ್ರಿ.”

“ನಿನಗ ಬೋಲ್ಟ್ ಬಿಗಿ ಮಾಡಂತ ಹೇಳಿದವರು ಯಾರು?”

“ನೀವು.”

“ನನಗ ನಮ್ಮ ಸರ್. ಅವರಿಗೆ ಯಾರು?”

ಯಮನೂರ ಪೆನ್ನು ಹಿಡಿದೇ ನಿಂತ. ಅವನಿಗೆ ಗೊತ್ತಿರಲಿಲ್ಲ.

“ನನಗೂ ಗೊತ್ತಿಲ್ಲ,” ಎಂದರು ಅಕ್ಕೋರು.

ಹೊರಗೆ ಡ್ರೈವರು ಹಾರ್ನು ಹೊಡೆದ. ಅಕ್ಕೋರು ಜೀಪಿನ ಕಡೆ ನಡೆದರು. ಯಮನೂರ ಹಿಂದೆಯೇ ಹೋಗಿ ಅವರ ಪಾದ ಮುಟ್ಟಿದ. ಅವರು ಅವನ ತಲೆಯ ಮೇಲೆ ಕೈ ಇಟ್ಟು, ಹತ್ತಿ ಕೂತರು.

ಅವನು ಜೀಪಿನ ಕಿಟಕಿ ಹಿಡಿದುಕೊಂಡ.

“ಹಂಗಾರ ಕೆಳಗ ಏನ ಬರೀಲ್ರಿ? ಖಾಲಿ ಬಿಟ್ರ, ನೋಡಿದವರು ಇಲ್ಲಿ ಯಾರೂ ಇಲ್ಲಲ್ಲೋ ಅಂತ ಕೇಳ್ತಾರ.”

ಅಕ್ಕೋರು ಕಿಟಕಿಯಿಂದ ಕೈ ಹೊರಗೆ ಹಾಕಿ ಅವನ ಕನ್ನಡಕ ತೆಗೆದರು. ಎರಡೂ ಗಾಜಿಗೆ ಹಾ ಎಂದು ಉಸಿರು ಊದಿದರು. ಮತ್ತೆ ಅವನ ಮೂಗಿನ ಮೇಲೆ ಮೆತ್ತಗೆ ಕೂರಿಸಿದರು.

ಜೀಪು, ದ್ಯಾಮವ್ವ, ಬಂದು ನಿಂತ ಜನ, ಅವರ ಹಿಂದಿನ ಡಿಶ್‌ಗಳು, ಎಲ್ಲ ಒಂದರೊಳಗೊಂದು ಕರಗಿ ಬೆಳ್ಳಗೆ ಒಂದೇ ಬೆಳಕಾದವು.

“ಕೇಳಿದವರಿಗೆ ಹಿಂಗ ಮಾಡು,” ಎಂದರು ಅಕ್ಕೋರು.